ಸರ್ವರ್ ದೊಡ್ಡದಾದರೆ ಸಾಕೇನು?

"ಸರ್ವರ್ ಸ್ಲೋ ಐತ್ರಿ, ನಾಳೆ ಬರ್ರಿ."

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ ಸುದ್ದಿಗಾಗಿ ತಿರುಗುವ ನಮಗೆ ಈ ಮಾತು ಕೇಳದ ವಾರವೇ ಇಲ್ಲ. ಹೇಳುವವರಿಗೆ ಅದು ಒಂದು ಸಾಲಿನ ಉತ್ತರ. ಕೇಳಿಸಿಕೊಂಡು ಹೊರಳಿ ಹೋಗುವವರಿಗೆ ಒಂದು ದಿನದ ಪಗಾರ, ಬಸ್ ಚಾರ್ಜು. ಬೆಳೆ ವಿಮೆಯ ಕೊನೆಯ ದಿನವಾಗಿದ್ದರೆ ಇಡೀ ಹಂಗಾಮಿನ ಭರವಸೆಯೇ ಹೋದಂತೆ.

ಎಲ್ಲರೂ ಕೇಳುವುದು ಒಂದೇ: ದೊಡ್ಡ ಸರ್ವರ್ ಹಾಕಿಸಿ. ಆದರೆ ಮೇನ್‌ಫ್ರೇಮ್ ಕೆಲಸಕ್ಕೆಂದು ಬೆಂಗಳೂರು ಸೇರಿದ ನಮ್ಮ ಕಡೆಯ ಗೆಳೆಯರು ಬೇರೆ ಪಾಠ ಹೇಳುತ್ತಾರೆ. ಬ್ಯಾಂಕು, ವಿಮಾ ಕಂಪನಿಗಳ ಕೋಟ್ಯಂತರ ಲೆಕ್ಕಗಳನ್ನು ನಡೆಸುವ ದೊಡ್ಡ ಕಂಪ್ಯೂಟರೇ ಮೇನ್‌ಫ್ರೇಮ್. ಐಬಿಎಂ ಕಂಪನಿ 1964ರಲ್ಲಿ ಸಿಸ್ಟಂ/360 ಎಂಬ ಯಂತ್ರವನ್ನು ಪ್ರಕಟಿಸಿತು. ಆ ವಂಶದ ಯಂತ್ರಗಳು ಇಂದಿಗೂ ದುಡಿಯುತ್ತಿವೆ. ಅಲ್ಲಿ ಎಷ್ಟೋ ಕಡೆ ಯಂತ್ರದ ಬಳಕೆಯನ್ನು ಅಳೆದು ಹಣ ಕೊಡಬೇಕು. ಹೀಗಾಗಿ ಹೊಸ ಯಂತ್ರ ಕೊಳ್ಳುವ ಮೊದಲು ಪ್ರೋಗ್ರಾಂ ಮಾಡುವ ದಂಡದ ಕೆಲಸ ಎಷ್ಟು ಎಂದು ನೋಡುತ್ತಾರೆ.

ಮೊದಲನೆಯದು ಹುಡುಕುವ ಕ್ರಮ. ಮತಗಟ್ಟೆಯಲ್ಲಿ ನಿಮ್ಮ ಚೀಟಿಯ ಕ್ರಮಸಂಖ್ಯೆ ನೋಡಿ ಅಧಿಕಾರಿ ನೇರ ಆ ಪುಟಕ್ಕೇ ಹೋಗುತ್ತಾರೆ. ಸಂಖ್ಯೆ ಇಲ್ಲದಿದ್ದರೆ ಮೊದಲ ಹೆಸರಿನಿಂದ ಓದಬೇಕು. ಭೂಮಿ ಯೋಜನೆಯಲ್ಲಿ ನಮ್ಮ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅಷ್ಟನ್ನೂ ಒಂದೇ ಕಡೆ ಸುರಿದು ಒಂದೊಂದಾಗಿ ಹುಡುಕಿದರೆ ಸರಾಸರಿ 1 ಕೋಟಿ ಪಹಣಿ ನೋಡಬೇಕು. ಕ್ರಮವಾಗಿ ಜೋಡಿಸಿಟ್ಟು, ನಟ್ಟನಡುವೆ ನೋಡಿ, ಬೇಡದ ಅರ್ಧ ಬಿಡುತ್ತ ಹೋದರೆ 25 ಸಲ ನೋಡಿದರೆ ಸಿಗುತ್ತದೆ. ಯಂತ್ರ ಅದೇ, ದಾರಿ ಬೇರೆ.

ಎರಡನೆಯದು ಎರಡು ಪಟ್ಟಿ ಹೊಂದಿಸುವುದು. 10 ಸಾವಿರ ರೈತರ ಪಟ್ಟಿ, 10 ಸಾವಿರ ಬ್ಯಾಂಕ್ ಖಾತೆಗಳ ಪಟ್ಟಿ ಇವೆ ಎನ್ನಿ. ಒಬ್ಬೊಬ್ಬ ರೈತನಿಗೂ ಇಡೀ ಖಾತೆ ಪಟ್ಟಿ ತಿರುವಿದರೆ 10 ಕೋಟಿ ಹೋಲಿಕೆ. ಎರಡನ್ನೂ ಒಂದೇ ಸಂಖ್ಯೆಯ ಕ್ರಮದಲ್ಲಿ ಜೋಡಿಸಿ, ಎರಡು ಬೆರಳಿಟ್ಟು ಒಟ್ಟಿಗೆ ಕೆಳಗಿಳಿದರೆ, ಜೋಡಿಸುವ ಶ್ರಮವೂ ಸೇರಿ ಸುಮಾರು 3 ಲಕ್ಷದಲ್ಲಿ ಮುಗಿಯುತ್ತದೆ. ಮೇನ್‌ಫ್ರೇಮ್‌ನವರು ರಾತ್ರಿ ಹೊತ್ತು ಲೆಕ್ಕ ಹೊಂದಿಸುವ ಹಳೆಯ ಪದ್ಧತಿ ಇದೇ.

ಮೂರನೆಯದು ಮಾಡಿದ್ದನ್ನೇ ಮಾಡದಿರುವುದು. ಮಾರುಕಟ್ಟೆಯಲ್ಲಿ ಒಂದೊಂದು ಚೀಲಕ್ಕೂ ತಕ್ಕಡಿ ಒಳಗಿಟ್ಟು ಮತ್ತೆ ಹೊರತರುವವರುಂಟೇ? ಬಡ್ಡಿ ದರ ಎಲ್ಲ ಖಾತೆಗೂ ಒಂದೇ ಇದ್ದಾಗ ಅದನ್ನು ಒಮ್ಮೆ ಓದಿಟ್ಟುಕೊಂಡರೆ ಸಾಕು. ಪ್ರತಿ ಖಾತೆಗೂ ಹೊಸದಾಗಿ ತರಿಸಬೇಕಿಲ್ಲ. ಡಿಸ್ಕಿನಿಂದ ಮಾಹಿತಿಯನ್ನು ಒಂದೊಂದೇ ಸಾಲಿನ ಬದಲು ಗಂಟು ಗಂಟಾಗಿ ತರಿಸಿದರೂ ಹೊತ್ತು ಉಳಿಯುತ್ತದೆ.

ಆದರೆ ಎಲ್ಲಕ್ಕೂ ಮೊದಲು ಅಳೆಯಬೇಕು. ಮಲಪ್ರಭೆಯ ಕಾಲುವೆ ನಡುವೆ ಒಡೆದಿದ್ದರೆ ನವಿಲುತೀರ್ಥದಿಂದ ಎಷ್ಟು ನೀರು ಬಿಟ್ಟರೂ ಕೊನೆಯ ಹೊಲಕ್ಕೆ ಮುಟ್ಟೀತೇ? ಮೊದಲು ಒಡೆದ ಜಾಗ ಹುಡುಕಬೇಕು. ಪ್ರೋಗ್ರಾಂನಲ್ಲೂ ಹೊತ್ತು ತಿನ್ನುವ ಜಾಗ ಗೊತ್ತಾಗದೆ ಕೈ ಹಾಕಿದರೆ ಶ್ರಮ ದಂಡ, ಮೇಲೆ ಹೊಸ ತಪ್ಪುಗಳು ಬೇರೆ. ಪ್ರತಿ ಸಲ ಪ್ರೋಗ್ರಾಂನದೇ ದೋಷ ಎನ್ನಲೂ ಬಾರದು. ಕರೆಂಟು, ನೆಟ್‌ವರ್ಕು, ಹೆಬ್ಬೆಟ್ಟು ಪರಿಶೀಲಿಸುವ ಇನ್ನೊಂದು ಯಂತ್ರ, ಎಲ್ಲಿ ಬೇಕಾದರೂ ತಡವಾಗಬಹುದು. ಕೊನೆಯ ದಿನದ ನೂಕುನುಗ್ಗಲಿಗೆ ನಿಜಕ್ಕೂ ದೊಡ್ಡ ಯಂತ್ರವೇ ಬೇಕಾಗಬಹುದು.

ಕೌಂಟರಿನಲ್ಲಿ ಕುಳಿತ ಹುಡುಗ ಹುಡುಗಿಯರು ಪ್ರೋಗ್ರಾಂ ಬರೆದವರಲ್ಲ. ಅವರ ಮೇಲೆ ರೇಗಿ ಫಲವಿಲ್ಲ. ಅವರನ್ನು ಮೂರು ಮಾತು ಕೇಳಿ: ಯಾವ ಹಂತದಲ್ಲಿ ನಿಂತಿತು? ಎಷ್ಟು ಹೊತ್ತಾಯಿತು? ಪರದೆಯ ಮೇಲೆ ಏನು ಬಂತು? ದಿನಾಂಕ, ವೇಳೆ ಸಮೇತ ಬರೆದುಕೊಂಡು ಅರ್ಜಿಯಲ್ಲಿ ಹಾಕಿ, ನಮಗೂ ಕಳಿಸಿ. 'ಸರ್ವರ್ ಸಮಸ್ಯೆ' ಎಂಬ ದೂರನ್ನು ಯಾರೂ ರಿಪೇರಿ ಮಾಡಲಾರರು. 'ಹೆಬ್ಬೆಟ್ಟು ಒತ್ತಿದ ಮೇಲೆ 20 ನಿಮಿಷ ನಿಂತಿತು' ಎಂದು ನಾಲ್ಕೂ ತಾಲ್ಲೂಕಿನಿಂದ ದೂರು ಹೋದರೆ, ಕೈ ಹಾಕಬೇಕಾದ ಜಾಗ ಯಾವುದೆಂದು ಮೇಲಿನವರಿಗೂ ಗೊತ್ತಾಗುತ್ತದೆ.