ಬಾಯಿಗೂಡಿದ ಬೈಕು

ಕೆಂಗೇರಿ ಉಪನಗರದ ಒಂದು ಮನೆಯ ಮುಂದೆ, ಭಾನುವಾರ ಬೆಳಗ್ಗೆ ಏಳೂಕಾಲಿಗೆ, ಮಗುವಿಗೆ ಜ್ವರವಿದೆಯಾ ಎಂದು ನೋಡುವ ಹಾಗೆ ಬೈಕಿನ ಇಂಜಿನ್ನಿಗೆ ಅಂಗೈ ಇಟ್ಟೆ. ಇತ್ತು. ಚೆನ್ನಾಗೇ ಇತ್ತು.

"ಈಗ ತಾನೇ ಸ್ಟಾರ್ಟ್ ಮಾಡಿದ್ರಾ?"

"ಇಲ್ಲ ಸಾರ್, ತೊಳೆದಿದ್ದೆ. ನೀರು ಆರ್ಲಿ ಅಂತ ಸ್ವಲ್ಪ ಹೊತ್ತು ಆನ್ ಮಾಡಿಟ್ಟಿದ್ದೆ ಅಷ್ಟೇ," ಅಂದ ಹುಡುಗ.

ವಿಜಯನಗರದ ನಮ್ಮ ಮೆಕ್ಯಾನಿಕ್ ಭಾಯ್ ಹಿಂದಿನ ದಿನವೇ ಎಚ್ಚರಿಸಿದ್ದರು. "ಬರ್ತೀನಿ ಅಂತ ಹೇಳಿ ಸಾರ್, ಜೊತೆಗೆ ಸ್ಟಾರ್ಟ್ ಮಾಡ್ಬೇಡಿ ಅಂತಾನೂ ಹೇಳಿ. ರಾತ್ರಿಯೆಲ್ಲ ನಿಂತ ಗಾಡಿ ಬೆಳಗ್ಗೆ ಹೆಂಗೆ ಏಳ್ತದೆ ಅನ್ನೋದೇ ಅದರ ಜಾತಕ. ಬಿಸಿ ಆದ್ಮೇಲೆ ಎಲ್ಲಾ ಗಾಡೀನೂ ಒಳ್ಳೇವೇ." ನಲವತ್ತೇಳು ತುಂಬಿದ ನನಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವತ್ತೂ ಸೊಂಟ ಹಿಡಿದುಕೊಂಡೇ ಹಾಸಿಗೆಯಿಂದ ಎದ್ದಿದ್ದೆ.

ಆರಲಿ, ಕಾಯುತ್ತೇನೆ ಎಂದು ಜಗಲಿಕಟ್ಟೆಯ ಮೇಲೆ ಕೂತೆ. ಹುಡುಗನ ತಾಯಿ ಕಾಫಿ ತಂದುಕೊಟ್ಟರು. ಎದುರಿಗೆ ಹಳದಿ ಬಣ್ಣದ ಕರಿಜ್ಮಾ, 2008ರ ಮಾಡೆಲ್ಲು, ಕೆಎ 02 ನಂಬರು. ಅಂದರೆ ನಮ್ಮ ರಾಜಾಜಿನಗರದ ಆರ್‌ಟಿಒದಲ್ಲಿ ನಾಮಕರಣವಾಗಿ ಕೆಂಗೇರಿಗೆ ಬಂದು ಸೇರಿದ್ದು.

ಈ ಗಾಡಿಯ ಮೇಲೆ ನನಗಿದ್ದದ್ದು ಹಳೇ ಆಸೆ. ಹೀರೋ ಹೊಂಡಾದವರು ಕರಿಜ್ಮಾ ಬಿಟ್ಟದ್ದು 2003ರಲ್ಲಿ. 223 ಸಿಸಿ, 17 ಅಶ್ವಶಕ್ತಿ. ಹೃತಿಕ್ ರೋಷನ್ ಜಾಹೀರಾತು. ಊರೆಲ್ಲ ನೂರು ಸಿಸಿಯ ಗಾಡಿಗಳಲ್ಲಿ ಆಫೀಸಿಗೆ ಹೋಗಿ, ತರಕಾರಿ ತಂದು, ಮೈಲೇಜಿನ ಲೆಕ್ಕ ಹಾಕುತ್ತಿದ್ದ ಕಾಲ. ಆಗ ನನ್ನ ಹತ್ತಿರ ಇದ್ದದ್ದು ಅಪ್ಪನ ಚೇತಕ್ಕು. ಪ್ರತಿ ಬೆಳಗ್ಗೆ ಅದನ್ನು ಒಂದು ಕಡೆ ವಾಲಿಸಿ, ಕಿವಿಯಲ್ಲಿ ಏನೋ ಗುಟ್ಟು ಹೇಳಿ, ಆಮೇಲೆ ಒದೆಯಬೇಕಿತ್ತು. ಒಂದು ಸಂಜೆ ನವರಂಗ್ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಪಕ್ಕಕ್ಕೆ ಹಳದಿ ಕರಿಜ್ಮಾ ಬಂತು. ಹಸಿರು ದೀಪ ಬಿದ್ದಾಗ ಅದು ಹೋಗಿದ್ದು ನನಗೆ ಕಾಣಲಿಲ್ಲ. ಹೋದ ಮೇಲೆ ಉಳಿದ ಜಾಗ ಕಂಡಿತು. ಬೆಲೆ ಮುಕ್ಕಾಲು ಲಕ್ಷದ ಮೇಲೆ, ನನ್ನ ಸಂಬಳ ಆರೂವರೆ ಸಾವಿರ, ತಂಗಿಯ ಮದುವೆ ಮಾರ್ಗಶಿರದಲ್ಲಿ.

ಇಂಥ ಗಾಡಿಗಳಿಗೆ ಸ್ಪೋರ್ಟ್ ಟೂರರ್ ಅನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ, ಓಡುವುದಕ್ಕೂ ಆಗಬೇಕು, ಓಡಾಡುವುದಕ್ಕೂ ಆಗಬೇಕು. ಹೊರದೇಶಗಳಲ್ಲಿ ಸಾವಿರ ಸಿಸಿ ದಾಟಿದ, ಎರಡೂ ಪಕ್ಕಕ್ಕೆ ಪೆಟ್ಟಿಗೆ ಕಟ್ಟಿಕೊಂಡ ಆನೆಯಂಥವು ಈ ಹೆಸರಿನಲ್ಲಿ ಓಡಾಡುತ್ತವೆ. ನಮ್ಮ ಜೇಬಿಗೆ ಆ ಪದವಿಗೆ ಏರಿದ್ದು ಕರಿಜ್ಮಾ. ಅದನ್ನೇ ಲಡಾಖಿಗೂ ಓಡಿಸಿದವರಿದ್ದಾರೆ. ನಾನು ಕನಸು ಕಂಡದ್ದು ಮೈಸೂರಿನವರೆಗೆ ಮಾತ್ರ.

"ಇನ್ನೊಬ್ಬರು ಇಪ್ಪತ್ತು ವರ್ಷ ಓಡಿಸಿ ಬಿಟ್ಟಿದ್ದನ್ನ ತರೋಕೆ ಇಷ್ಟು ಸಂಭ್ರಮಾನಾ?" ಅಂದಿದ್ದಳು ಹೆಂಡತಿ. ಹದಿನಾರು ವರ್ಷ ಎಂದು ತಿದ್ದಿದೆ. ತಿದ್ದಬಾರದಿತ್ತು.

ಇಂಜಿನ್ ಆರಿತು. ಪರೀಕ್ಷೆಗೆ ಇಳಿದೆ. ಇಲ್ಲಿ ನನಗೆ ಗುರು ಭಾಯ್ ಒಬ್ಬರೇ ಅಲ್ಲ, ಮಾಗಡಿ ಸೀಮೆಯ ನಮ್ಮ ತಾತನೂ ಹೌದು. ತಾತ ಸಿದ್ಧಗಂಗೆ ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಿದ್ದರು. ಮಾರುವವನು ಏನೇ ಹೇಳಲಿ, ತಾತ ಅವನ ಬಾಯಿ ನೋಡುತ್ತಿರಲಿಲ್ಲ. ಎತ್ತಿನ ಬಾಯಿ ಬಿಡಿಸಿ ನೋಡುತ್ತಿದ್ದರು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು. ಎಲ್ಲ ಬಂದಮೇಲೆ 'ಬಾಯಿಗೂಡಿದೆ' ಅನ್ನುತ್ತಿದ್ದರು. ಆಮೇಲೆ ವಯಸ್ಸನ್ನು ಸವೆತದಲ್ಲೇ ತಿಳಿಯಬೇಕು.

ಬೈಕಿಗೂ ಹಲ್ಲುಂಟು. ಹಿಂದಿನ ಚಕ್ರದ ಸ್ಪ್ರಾಕೆಟ್ ನೋಡಿ. ಹೊಸದರಲ್ಲಿ ಹಲ್ಲಿನ ತುದಿ ಮೊಂಡಾಗಿ, ದಪ್ಪವಾಗಿರುತ್ತದೆ. ಸವೆದಂತೆಲ್ಲ ಚೂಪಾಗಿ ಒಂದೇ ಕಡೆಗೆ ಬಾಗುತ್ತದೆ. ಚೈನನ್ನು ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಹಿಡಿದು ಎಳೆದಾಗ ಹಲ್ಲು ಬಿಟ್ಟು ಮೇಲಕ್ಕೆ ಬಂದರೆ ಸೆಟ್ಟೇ ಬದಲಾಯಿಸಬೇಕು. ಇದರಲ್ಲಿ ಬಂತು. ಮೀಟರು ಮಾತ್ರ ಮೂವತ್ತೊಂದು ಸಾವಿರ ಕಿಲೋಮೀಟರು ಅಂತಿತ್ತು. ಹಳೇ ಗಾಡಿಯಲ್ಲಿ ಮೀಟರು ನಿಲ್ಲಿಸಲು ಕೇಬಲ್ ಬಿಚ್ಚಿದರೆ ಸಾಕು. ಆದರೆ ಕಾಲಿಡುವ ಫುಟ್‌ರೆಸ್ಟಿನ ರಬ್ಬರಿಗೆ ಸುಳ್ಳು ಹೇಳಿಕೊಡುವುದು ಕಷ್ಟ. ಇದರ ರಬ್ಬರು ನುಣ್ಣಗಾಗಿ, ಬ್ರೇಕ್ ಪೆಡಲು ಹಿತ್ತಾಳೆ ಚೊಂಬಿನ ಹಾಗೆ ಹೊಳೆಯುತ್ತಿತ್ತು. ಮೂವತ್ತೊಂದು ಸಾವಿರಕ್ಕೆ ಇಷ್ಟು ಹೊಳಪು ಬರಬೇಕಾದರೆ ಹುಡುಗ ನಿಂತಲ್ಲೇ ಬ್ರೇಕ್ ತುಳಿಯುತ್ತಿರಬೇಕು.

ಟೈರಿನಲ್ಲಿ ಗೆರೆ ಚೆನ್ನಾಗಿತ್ತು. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ 1417. 2017ನೇ ಇಸವಿಯ 14ನೇ ವಾರದ್ದು. ಗೆರೆ ಎಷ್ಟೇ ಇರಲಿ, ಅಷ್ಟು ವರ್ಷಕ್ಕೆ ರಬ್ಬರು ಒಣಗಿ ಕಲ್ಲಾಗಿರುತ್ತದೆ, ಮಳೆಯಲ್ಲಿ ಹಿಡಿಯುವುದಿಲ್ಲ. ಮುಂದಿನ ಬ್ರೇಕ್ ಹಿಡಿದು ಫೋರ್ಕನ್ನು ನಾಲ್ಕು ಸಲ ಒತ್ತಿದೆ. ಎಡಗಡೆ ಎಣ್ಣೆಯ ತೆಳು ಉಂಗುರ ಮೂಡಿತು. ಆಯಿಲ್ ಸೀಲು ಹೋಗಿದೆ. ಹುಡುಗನಿಗೆ ಹಿಂದೆ ಒತ್ತಿ ಹಿಡಿಯಲು ಹೇಳಿ, ಮುಂದಿನ ಚಕ್ರ ಎತ್ತಿ, ಹ್ಯಾಂಡಲನ್ನು ನಿಧಾನಕ್ಕೆ ತಿರುಗಿಸಿದೆ. ನಟ್ಟನಡುವೆ ಟಕ್ ಎಂದು ಸಿಕ್ಕಿಕೊಂಡಿತು. ಹ್ಯಾಂಡಲಿನ ಬೇರಿಂಗು, ಅಂದರೆ ಕೋನ್ ಸೆಟ್ಟು, ಸವೆದಿದೆ. ಮುಂದಿನ ಪ್ಲಾಸ್ಟಿಕ್ ಫೇರಿಂಗಿನ ಒಳಗೆ ಮೊಬೈಲ್ ಟಾರ್ಚ್ ಬಿಟ್ಟಾಗ ಎಂ‌ಸೀಲ್ ಗುಡ್ಡೆ, ಎರಡು ಪ್ಲಾಸ್ಟಿಕ್ ಟ್ಯಾಗು.

"ಬಿದ್ದಿತ್ತಾ?"

"ನಿಂತಿದ್ದಾಗ ವಾಲಿತ್ತು ಸಾರ್."

ತಾತನ ಕಾಲದಲ್ಲಿ ಎತ್ತುಗಳೂ ಹೀಗೆ ನಿಂತಿದ್ದಾಗಲೇ ವಾಲುತ್ತಿದ್ದವಂತೆ. ಹ್ಯಾಂಡಲಿನ ಲಾಕ್ ಸ್ಟಾಪರ್ ಮುರಿದಿಲ್ಲ, ಫೋರ್ಕ್ ಬಾಗಿಲ್ಲ ಎಂದು ನೋಡಿಕೊಂಡು ಸಮಾಧಾನಪಟ್ಟೆ. ಅವು ಹೋಗಿದ್ದರೆ ಕಾಫಿ ಕುಡಿದ ಲೋಟ ಇಟ್ಟು ಎದ್ದು ಬರುತ್ತಿದ್ದೆ. ಸೀಲು, ಚೈನು, ಕೋನ್ ಸೆಟ್ಟು ದುಡ್ಡಿನ ಮಾತು. ಚಾಸಿ ಬಾಗಿದ್ದರೆ ಅದು ಹಣೆಬರಹ.

ಕೊನೆಗೆ ಸ್ಟಾರ್ಟ್. ಎರಡನೇ ಸಲಕ್ಕೆ ಎದ್ದಿತು. ಸೈಲೆನ್ಸರಿನಲ್ಲಿ ನೀಲಿ ಹೊಗೆ ಇಲ್ಲ, ಅಂದರೆ ಒಳಗೆ ಆಯಿಲು ಸುಡುತ್ತಿಲ್ಲ. ಆ ಸದ್ದು ಕೇಳಿದ ಮೇಲೆ ಪರೀಕ್ಷೆ ಮಾಡುತ್ತಿದ್ದವನು ಎಲ್ಲಿ ಹೋದನೋ. ಇಪ್ಪತ್ತಾರರ ಹುಡುಗನೊಬ್ಬ ಗಾಡಿ ಹತ್ತಿ ಕೂತಿದ್ದ. ಹಾಗಾಗಿ ಕೊಳ್ಳಲು ಹೋಗುವವರು ಜೊತೆಗೆ ಒಬ್ಬ ನಿರಾಸಕ್ತನನ್ನು ಕರೆದೊಯ್ಯಬೇಕು. ಭಾವಮೈದನಾದರೆ ಇನ್ನೂ ಒಳ್ಳೆಯದು.

ಕಾಗದಪತ್ರಕ್ಕೆ ಬಂದೆವು. ಹದಿನೈದು ವರ್ಷ ತುಂಬಿದ ಗಾಡಿಗೆ ಆರ್‌ಸಿ ನವೀಕರಣ ಆಗಿರಬೇಕು, ಹಸಿರು ತೆರಿಗೆ ಕಟ್ಟಿರಬೇಕು, ಎರಡೂ ಆಗಿತ್ತು. ಚಾಸಿ ನಂಬರು ಕಾರ್ಡಿಗೆ ತಾಳೆಯಾಯಿತು. ಬ್ಯಾಂಕಿನ ಸಾಲದ ನಮೂದು ತೆಗೆಸಿದ್ದ. ಇನ್ಶೂರೆನ್ಸ್ ಇತ್ತು. ಆಮೇಲೆ ಸುಮ್ಮನೆ ಗಾಡಿ ನಂಬರು ಹಾಕಿ ಟ್ರಾಫಿಕ್ ದಂಡ ನೋಡಿದೆ. ಹನ್ನೊಂದು ಕೇಸು. ಒಂಬತ್ತು ಹೆಲ್ಮೆಟ್ಟು, ಎರಡು ಸಿಗ್ನಲ್ಲು.

"2023ರ ಫೆಬ್ರವರೀಲಿ ಅರ್ಧಕ್ಕರ್ಧ ಬಿಟ್ರಲ್ಲ, ಆಗ ಕಟ್ಟಬಹುದಿತ್ತಲ್ಲಪ್ಪ."

"ಆಗ ಕ್ಯೂ ಜಾಸ್ತಿ ಇತ್ತು ಸಾರ್. ಮುಂದಿನ ಸಲ ಬಿಟ್ಟಾಗ ನೀವೇ ಕಟ್ಬಿಡಿ."

ದಂಡವನ್ನೂ ಆಸ್ತಿಯ ಜೊತೆ ಸೇರಿಸಿ ಧಾರೆಯೆರೆಯುವವನನ್ನು ನಾನು ನೋಡಿದ್ದು ಅದೇ ಮೊದಲು. ತಾತನ ಕಾಲದಲ್ಲಿ ವ್ಯಾಪಾರ ಟವಲಿನ ಅಡಿ ನಡೆಯುತ್ತಿತ್ತು. ಬೆರಳು ಹಿಡಿದು ಬೆಲೆ ಹೇಳುತ್ತಿದ್ದರು, ಸುತ್ತ ನಿಂತವರಿಗೆ ಗೊತ್ತಾಗುತ್ತಿರಲಿಲ್ಲ. ನಮ್ಮದು ಹುಡುಗನ ತಾಯಿಯ ಎದುರೇ ನಡೆಯಿತು. ನಲವತ್ತೆಂಟು ಅಂದ, ಮೂವತ್ತೆಂಟು ಅಂದೆ. "ಪಾಪ, ಸಾರು ಅಷ್ಟು ಆಸೆಯಿಂದ ನೋಡ್ತಾ ಇದಾರೆ, ಕೊಟ್ಬಿಡೋ," ಅಂದರು ಆಕೆ. ನನ್ನ ಚೌಕಾಸಿಯ ಬಲ ಅಲ್ಲಿಗೆ ಮುಗಿಯಿತು. ಆಸೆ ಮುಖದಲ್ಲಿ ಕಂಡಿತ್ತಲ್ಲ. ನಲವತ್ತೆರಡಕ್ಕೆ ನಿಂತಿತು, ದಂಡ ಅವನದೇ ಎಂಬ ಕರಾರಿನ ಮೇಲೆ. ಫಾರಂ 29, 30ಕ್ಕೆ ಅಲ್ಲೇ ಸಹಿ ಹಾಕಿಸಿಕೊಂಡೆ. ಹೆಸರು ಬದಲಾಯಿಸದೆ 'ನೋಡೋಣ ಬಿಡಿ' ಅಂದರೆ ಮಾರಿದವನಿಗೂ ಕೊಂಡವನಿಗೂ ನಿದ್ದೆ ಇಲ್ಲ.

ಭಾಯ್ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, ತಲೆ ಕೆರೆದು, ಚೀಟಿ ಬರೆದುಕೊಟ್ಟರು. ಜೆ.ಸಿ. ರಸ್ತೆಗೆ ನಾಲ್ಕು ಸಲ ಹೋದೆ. ಟೈರು ಸೇರಿ ಇನ್ನೂ ಹದಿನಾರು ಸಾವಿರವಾಯಿತು. ಮನೆಯಲ್ಲಿ ಆರು ಎಂದು ಹೇಳಿದ್ದೇನೆ. ಈ ಬರಹ ಅವಳ ಕಣ್ಣಿಗೆ ಬೀಳದಿರಲಿ.

ಒಂದು ವಿಷಯ ಮಾತ್ರ ಭಾಯ್ ಹೇಳಿರಲಿಲ್ಲ, ತಾತನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿದ್ದೂ ತಲೆಗೆ ಬಂದಿರಲಿಲ್ಲ. ಗಾಡಿ ಕೊಳ್ಳುವ ಮುಂಚೆ ದಾರಿ ಇದೆಯಾ ನೋಡಬೇಕು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ, 118 ಕಿಲೋಮೀಟರು, 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅಪಘಾತಗಳು ಹೆಚ್ಚಾದವು. ಅದೇ ಆಗಸ್ಟ್ 1ರಿಂದ ಅದರ ಮುಖ್ಯರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರು, ಮೋಟಾರಿಲ್ಲದ ಗಾಡಿಗಳು ಬರಕೂಡದೆಂದರು. ನಾನು ಹದಿನೇಳು ಅಶ್ವಶಕ್ತಿ ತೊಡೆಯ ನಡುವೆ ಇಟ್ಟುಕೊಂಡು ಕೆಂಗೇರಿ ದಾಟಿ ಹೋದಾಗ ಆ ಬೋರ್ಡು ಕಂಡಿತು. ತಾತನ ಎತ್ತಿನ ಗಾಡಿಯೂ ನನ್ನ ಕರಿಜ್ಮಾವೂ ಒಂದೇ ಪಟ್ಟಿಯಲ್ಲಿ. ಇಬ್ಬರೂ ಪಕ್ಕದ ಸರ್ವಿಸ್ ರಸ್ತೆ ಹಿಡಿಯಬೇಕು.

ಹಿಡಿದೆ. ತಡೆಗೋಡೆಯಾಚೆ ಕಾರುಗಳು ಸುಯ್ಯೆನ್ನುತ್ತಿದ್ದವು. ಹಂಪು, ಎಮ್ಮೆ, ಎದುರಿಂದ ಬರುವ ಹಾಲಿನ ಕ್ಯಾನಿನ ಗಾಡಿ, ಮೂರನೇ ಗೇರು. ಆದರೆ ಎಕ್ಸ್‌ಪ್ರೆಸ್‌ವೇಯವರು ಬಿಡದಿಯನ್ನು ಬೈಪಾಸಿನಲ್ಲಿ ದಾಟಿಹೋಗುತ್ತಾರೆ. ನಾನು ಹಳೇ ರಸ್ತೆಯಲ್ಲಿ ನೇರ ಊರೊಳಗೆ ಹೋಗಿ ತಟ್ಟೆ ಇಡ್ಲಿಯ ಮುಂದೆ ನಿಂತೆ. ಬೆಣ್ಣೆ ಕರಗುತ್ತಿತ್ತು.

ಪಕ್ಕದ ಕಟ್ಟೆಯಿಂದ ಒಬ್ಬ ಯಜಮಾನರು ಎದ್ದು ಬಂದರು. ಬಿಳಿ ಪಂಚೆ, ಹೆಗಲ ಮೇಲೆ ಟವಲು.

"ಎಷ್ಟು ಕೊಡ್ತದೆ?"

"ನಲವತ್ತು ಕೊಡುತ್ತೆ ಯಜಮಾನ್ರೇ," ಅಂದೆ. ಮೂವತ್ತೈದರ ಮೇಲೆ ಅದು ಒಂದು ದಿನವೂ ಕೊಟ್ಟಿಲ್ಲ.

ಅವರು ಗಾಡಿಯನ್ನು ಮುಂದಿನಿಂದ ಹಿಂದಕ್ಕೆ ನೋಡಿದರು. ಸೀಟಿನ ಮೇಲೆ, ಎತ್ತಿನ ಬೆನ್ನಿಗೆ ಬಡಿಯುವ ಹಾಗೆ, ಎರಡು ಸಲ ಬಡಿದರು.

"ಬಾಯಿಗೂಡಿದೆ," ಅಂದರು.

ಆದರೆ ಆಗ ಅವರು ನೋಡುತ್ತಿದ್ದದ್ದು ಹೆಲ್ಮೆಟ್ ತೆಗೆದ ನನ್ನ ತಲೆಯನ್ನು.