ಕಡಬದ ಏರಿ ಮೇಲೆ ಅಜ್ಜಮಾಡ ದೇವಯ್ಯ

ಕಡಬದವರಿಗೆ ವಿಮಾನ ಹೊಸದಲ್ಲ. ಲಂಕೆಯಿಂದ ಅಯೋಧ್ಯೆಗೆ ಹೊರಟಿದ್ದ ಶ್ರೀರಾಮ ಇಲ್ಲಿ ಕದಂಬ ಋಷಿಯ ಆಶ್ರಮದ ಹತ್ತಿರ ತಂಗಿದ್ದನಂತೆ. ಸೀತೆ ಕೇಳಿದಳೆಂದು ಶಿಂಷೆಗೆ ಅಡ್ಡಲಾಗಿ ಏರಿ ಹಾಕಿಸಿ ಈ ಕೆರೆ ಕಟ್ಟಿಸಿದನಂತೆ. ಅಷ್ಟು ಹೊತ್ತು ಪುಷ್ಪಕವಿಮಾನವನ್ನು ಎಲ್ಲಿ ನಿಲ್ಲಿಸಿದ್ದ ಅಂತ ಕೇಳಿದರೆ ಊರಿನವರು ನಗುತ್ತಾರೆ.

ಈಗ ಕಡಬವಿರುವ ಗುಬ್ಬಿ ತಾಲ್ಲೂಕಿನಲ್ಲೇ, ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2016ರಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆ. ಅಂದಿನಿಂದ ಟೀ ಅಂಗಡಿಯಲ್ಲಿ ಕೂತರೆ ಕೊಬ್ಬರಿ ರೇಟು ಮುಗಿಯುವ ಮೊದಲೇ ಸೈಟಿನ ರೇಟು, ಐಟಿಐ ಮಾಡಿದ ಮಗನಿಗೆ ಕೆಲಸ, ಇವೇ ಮಾತು.

ಸಂಜೆ ಏರಿ ಮೇಲೆ ವಾಕಿಂಗ್ ಬರುವ ನಿವೃತ್ತ ಮೇಷ್ಟ್ರೊಬ್ಬರಿಗೆ ಇದನ್ನೆಲ್ಲ ಕೇಳಿ ಕೇಳಿ ರೇಗುತ್ತದೆ. ಅವರದು ಒಂದೇ ಪ್ರಶ್ನೆ. ಬೈಕ್ ನಿಲ್ಲಿಸಿ ನಮಸ್ಕಾರ ಎನ್ನುವ ಹಳೇ ಶಿಷ್ಯನಿಗೂ ಬಿಡುಗಡೆಯಿಲ್ಲ.

‘ಅಜ್ಜಮಾಡ ದೇವಯ್ಯ ಯಾರೋ, ಹೇಳು ನೋಡಾನ?’

‘ಯಾವ್ ಪಾರ್ಟಿ ಸಾ?’

ಯಾವ ಪಾರ್ಟಿಯೂ ಅಲ್ಲ. ಕೊಡಗಿನವರು, ವಾಯುಪಡೆಯ ಸ್ಕ್ವಾಡ್ರನ್ ಲೀಡರ್, ಅಜ್ಜಮಾಡ ಬೋಪಯ್ಯ ದೇವಯ್ಯ. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್ ವಿಮಾನಗಳು ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ದೊಡ್ಡ ವಾಯುನೆಲೆ ಸರ್ಗೋಧಾ ಮೇಲೆ ದಾಳಿಗೆ ಹೊರಟವು. ಮುಂದಾಳು ವಿಂಗ್ ಕಮಾಂಡರ್ ಓ. ಪಿ. ತನೇಜಾ. ದೇವಯ್ಯನವರ ಹೆಸರು ಮೊದಲ ಪಟ್ಟಿಯಲ್ಲಿರಲಿಲ್ಲ. ಯಾರಾದರೂ ಹಿಂದೆ ಸರಿದರೆ ಇರಲಿ ಎಂದು ಸಿದ್ಧವಾಗಿದ್ದವರು ಅವರು. ಜಾಗ ಸಿಕ್ಕಿತು, ಹೋದರು. ಮೂವತ್ಮೂರೂ ತುಂಬದ ವಯಸ್ಸು. ಉಳಿದವರು ಬಂದಿಳಿದರು, ಇವರು ಬರಲಿಲ್ಲ. ಕಡತದಲ್ಲಿ ‘ಕಾಣೆಯಾಗಿದ್ದಾರೆ’ ಎಂದು ಬರೆದದ್ದು ಹಾಗೇ ಉಳಿಯಿತು.

ನಡೆದದ್ದೇನೆಂದು ಹೊರಬಿದ್ದದ್ದು 1979ರಲ್ಲಿ, ಅದೂ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಪಡೆಯ ಬಗ್ಗೆ ಬರೆದ ಪುಸ್ತಕದಿಂದ. ಹಿಂದಿರುಗುತ್ತಿದ್ದ ಮಿಸ್ಟೇರ್ ಒಂದನ್ನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಸ್ಟಾರ್‌ಫೈಟರಿನಲ್ಲಿ ಅಟ್ಟಿಸಿಕೊಂಡು ಬಂದಿದ್ದ. ಸ್ಟಾರ್‌ಫೈಟರ್ ಅಂದರೆ ಶಬ್ದದ ಎರಡು ಪಟ್ಟು ವೇಗದ ವಿಮಾನ. ಅದರ ಮುಂದೆ ಮಿಸ್ಟೇರ್ ಎಷ್ಟರದು? ಪೆಟ್ಟು ತಿಂದ ಆ ಮಿಸ್ಟೇರ್ ಓಡಲಿಲ್ಲ, ತಿರುಗಿ ನಿಂತಿತು. ಗುಂಡಿನೇಟಿಗೆ ಸ್ಟಾರ್‌ಫೈಟರೇ ಬಿತ್ತು, ಅಮ್ಜದ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿದ. ಆ ಬೆಳಗಿನ ದಾಳಿಯಿಂದ ಮನೆಗೆ ಬಾರದ ಮಿಸ್ಟೇರ್ ಯಾರದೆಂದು ಲೆಕ್ಕ ಹಾಕಿದರೆ ಉತ್ತರ ದೇವಯ್ಯನವರಲ್ಲೇ ನಿಲ್ಲುತ್ತಿತ್ತು. ತನೇಜಾ ಬಿಡದೆ ಸರ್ಕಾರಕ್ಕೆ ಬರೆದರು, ವಿಚಾರಣೆಯಾಯಿತು. ಹೊಲದಲ್ಲಿ ಸಿಕ್ಕ ದೇಹವನ್ನು ಆ ಕಡೆಯ ಹಳ್ಳಿಯವರೇ ಮಣ್ಣು ಮಾಡಿದ್ದರೆಂಬುದೂ ತಿಳಿಯಿತು. ಮರಣೋತ್ತರ ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ಇಪ್ಪತ್ಮೂರು ವರ್ಷ! ಮೇಷ್ಟ್ರ ಸಿಟ್ಟೆಲ್ಲ ಈ ಅಂಕಿಯ ಮೇಲೆ. ಇತಿಹಾಸ ಪಾಠ ಮಾಡಿದವರು, ಉದಾಹರಣೆಗೆ ಬರವಿಲ್ಲ. ಕಡಬದಲ್ಲೇ ಸಿಕ್ಕ ರಾಷ್ಟ್ರಕೂಟರ ತಾಮ್ರಪಟ, ಶಕ 735ರದು. ಈಗಿನ ಕುಣಿಗಲ್ ಸೀಮೆಯನ್ನಾಳುತ್ತಿದ್ದ ವಿಮಲಾದಿತ್ಯನಿಗೆ ಹಿಡಿದಿದ್ದ ಶನಿಕಾಟವನ್ನು ಅರ್ಕಕೀರ್ತಿ ಎಂಬ ಜೈನಮುನಿ ಬಿಡಿಸಿದ. ಅದಕ್ಕೆ ಮೂರನೇ ಗೋವಿಂದ ಜಾಲಮಂಗಲವೆಂಬ ಇಡೀ ಊರನ್ನೇ ದತ್ತಿ ಬಿಟ್ಟ. ಶನಿ ಬಿಡಿಸಿದ್ದಕ್ಕೆ ಊರು! ಮದ್ದೂರು ಸೀಮೆಯ ಆತಕೂರಿನಲ್ಲಿ ಹಂದಿಯ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತ ಕಾಳಿ ಎಂಬ ನಾಯಿಗೆ ಒಡೆಯ ಮಣಲೇರ ಕಲ್ಲು ನಿಲ್ಲಿಸಿದ, ಪೂಜೆಗೆ ಭೂಮಿಯನ್ನೂ ಬಿಡಿಸಿದ. ‘ನಾಯಿಗೆ ಶಾಸನ ಹಾಕ್ಸಿದ್ ದೇಶ ಕಣಯ್ಯ ಇದು’ ಎಂದು ಮೇಷ್ಟ್ರು ಕೋಲು ಕುಟ್ಟುತ್ತಾರೆ.

ಹೋಲಿಕೆ ಸ್ವಲ್ಪ ಅನ್ಯಾಯದ್ದೇ. ನಾಯಿ ಸತ್ತದ್ದನ್ನು ಕಂಡವರಿದ್ದರು, ದೇವಯ್ಯನವರ ಕಾಳಗವನ್ನು ನಮ್ಮವರಲ್ಲಿ ಒಬ್ಬರೂ ಕಾಣಲಿಲ್ಲ. ಸಾಕ್ಷಿಯಿಲ್ಲದೆ ಪದಕ ಕೊಡುವಂತಿಲ್ಲ. ಇದ್ದೊಬ್ಬ ಸಾಕ್ಷಿ ವೈರಿ.

ಆದರೂ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ, ದನ ಮೈ ಉಜ್ಜುವ ವೀರಗಲ್ಲನ್ನು ಕಂಡಾಗ ಮೇಷ್ಟ್ರ ಮಾತು ನೆನಪಾಗುತ್ತದೆ. ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ, ಕುದುರೆ, ಬಿದ್ದ ಹೆಣ. ಮೇಲಿನದರಲ್ಲಿ ಲಿಂಗದೆದುರು ಕೈಮುಗಿದು ಕೂತ ವೀರ. ನಡುವಿನದರಲ್ಲಿ ಅವನನ್ನು ಎರಡೂ ಕಡೆಯಿಂದ ಹಿಡಿದು ವಿಮಾನದಲ್ಲಿ ಕರೆದೊಯ್ಯುವ ಅಪ್ಸರೆಯರು. ಸುಣ್ಣ, ಅರಿಶಿನ, ಎಣ್ಣೆ ಹತ್ತಿ ಮುಖ ಮೂಗು ಗೊತ್ತಾಗುವುದಿಲ್ಲ. ಹೆಸರಂತೂ ಹೆಚ್ಚಿನ ಕಲ್ಲುಗಳಲ್ಲಿ ಇಲ್ಲವೇ ಇಲ್ಲ. ತುರು ಕಾದು ಸತ್ತವನಿಗೆ ಊರಿನವರೇ ಕಲ್ಲುಕುಟಿಗನನ್ನು ಕರೆಸುತ್ತಿದ್ದರು, ದೂರದ ಅಪ್ಪಣೆಗೆ ಕಾಯುತ್ತ ಕೂರುತ್ತಿರಲಿಲ್ಲ. ದೇವಯ್ಯನವರಿಗೆ ಮಡಿಕೇರಿಯಲ್ಲಿ ಪ್ರತಿಮೆಯಾಗಲು ಪದಕ ಬಂದ ಮೇಲೂ ಮೂರು ದಶಕ ದಾಟಬೇಕಾಯಿತು.

2025ರಲ್ಲಿ ‘ಸ್ಕೈ ಫೋರ್ಸ್’ ಎಂಬ ಹಿಂದಿ ಸಿನಿಮಾ ಬಂತು. ಕಥೆ ಇದೇ, ನಾಯಕನ ಹೆಸರು ಮಾತ್ರ ಬೇರೆ. ನೋಡಿ ಬಂದ ಶಿಷ್ಯನೊಬ್ಬ ಉತ್ಸಾಹದಿಂದ ಹೇಳಹೊರಟರೆ ಮೇಷ್ಟ್ರು ಇನ್ನೊಂದು ಪ್ರಶ್ನೆ ಎಸೆದರು. ಅದೇ ಅಮ್ಜದ್ ಹುಸೇನ್ 1971ರ ಯುದ್ಧದಲ್ಲಿ ಅಮೃತಸರದ ಮೇಲೆ ಬಂದು, ವಿಮಾನ ಕಳೆದುಕೊಂಡು, ನಮ್ಮ ಕೈಗೇ ಸೆರೆ ಸಿಕ್ಕಿದ್ದನಲ್ಲ?

‘ಅವತ್ತೇ ಒಂದು ಲೋಟ ಟೀ ಕೊಟ್ಟು, ಅರವತ್ತೈದರಾಗೆ ನಿನ್ನ ಯಾರಪ್ಪ ಹೊಡೆದಿದ್ದು ಅಂತ ಕೇಳಿದ್ರೆ ಏನಾಗ್ತಿತ್ತು?’

‘ಅವ್ನಿಗೂ ಹೆಸ್ರು ಗೊತ್ತಿರ್ತಿತ್ತಾ ಸಾ?’ ಎಂದ ಹುಡುಗ. ಮೇಷ್ಟ್ರು ಅವನ ಬೈಕಿಗೆ ಹೆಲ್ಮೆಟ್ ಎಲ್ಲಿ ಅಂತ ಗದರಿಸಿದರು.