ಎರಡು ನಿಮಿಷದ ಚೀಟಿ

ಆ ಚೀಟಿ ಬರೆದ ಕೈ ನನ್ನದು. ಆಮಂತ್ರಣ ಪತ್ರಿಕೆ ಕತ್ತರಿಸಿ ಉಳಿದ ಕಾರ್ಡಿನ ಚೂರು ಅದು. ಪ್ರೆಸ್ಸಿನವನಾದ್ದರಿಂದ ಅಂಥ ಚೂರುಗಳು ನನ್ನ ಜೇಬಿನಲ್ಲಿ ಸದಾ ಇರುತ್ತವೆ. 'ಎರಡು ನಿಮಿಷ' ಎಂದು ಬರೆದು, ಕೆಳಗೊಂದು ಗೆರೆ ಎಳೆದು, ಮೈಕಿನ ಮುಂದೆ ನಿಂತಿದ್ದ ಹೆಣ್ಣುಮಗಳ ಕಡೆ ಸರಿಸಿದೆ. ಅವರು ಓದಿದರು, ನಾಲ್ಕು ಮಡಿಕೆ ಮಾಡಿದರು, ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು "ಇಷ್ಟೇ ಸರ್, ಎಲ್ಲರಿಗೂ ನಮಸ್ಕಾರ" ಎಂದು ಕೂತರು. ನಾನು ಗಂಟೆ ಹೊಡೆದೆ. ರಾಷ್ಟ್ರಗೀತೆ ಮುಗಿಸಿ ಎಲ್ಲರೂ ಊಟಕ್ಕೆ ಎದ್ದೆವು.

2014ರ ಅಕ್ಟೋಬರ್ 24, ವಿಶ್ವ ಪೋಲಿಯೊ ದಿನ. ನಮ್ಮ ಮಲೆನಾಡಿನ ಸಣ್ಣ ಊರಿನ ರೋಟರಿ ಕ್ಲಬ್ಬಿಗೆ ಆ ವರ್ಷ ನಾನು ಅಧ್ಯಕ್ಷ. ಜುಲೈಯಲ್ಲಿ ಪದಗ್ರಹಣವಾದಾಗಿನಿಂದ ಕೊರಳಪಟ್ಟಿಯ ಭಾರ ನನಗೆ ಹಿತವಾಗಿತ್ತು. ಆ ಸಂಜೆ ಬರಬೇಕಿದ್ದ ಜಿಲ್ಲಾ ಮಟ್ಟದ ಅಧಿಕಾರಿ ಮಧ್ಯಾಹ್ನ ಫೋನ್ ಮಾಡಿ ಆಗುವುದಿಲ್ಲ ಎಂದಿದ್ದರು. ಸದಸ್ಯರೊಬ್ಬರು ಹತ್ತಿರದ ಉಪಕೇಂದ್ರದ ಆರೋಗ್ಯ ಸಹಾಯಕಿಯನ್ನು, ಹಳ್ಳಿಯವರೆಲ್ಲ ನರ್ಸಮ್ಮ ಎನ್ನುವವರನ್ನು, ಕರೆತಂದರು. ಡ್ಯೂಟಿಯಿಂದ ನೇರ ಬಂದಿದ್ದರು. ಭುಜದ ಚೀಲ ಇಳಿಸಿರಲಿಲ್ಲ. ಹತ್ತು ನಿಮಿಷ ಎಂದು ಮೊದಲೇ ಹೇಳಿದ್ದೆ. ಆ ಅಧಿಕಾರಿಯೇ ಬಂದು ಮುಕ್ಕಾಲು ಗಂಟೆ ಮಾತಾಡಿದ್ದರೆ ನಾನು ಚೀಟಿ ಬರೆಯುತ್ತಿರಲಿಲ್ಲ. ಸಾರು ಆರಿದರೂ ಕೈಕಟ್ಟಿ ಕೇಳುತ್ತಿದ್ದೆ. ಇಷ್ಟನ್ನು ಒಪ್ಪಿಕೊಳ್ಳದೆ ಮುಂದೆ ಬರೆಯಲಾರೆ.

ಅವರು ಹೇಳಿದ್ದು ಪಲ್ಸ್ ಪೋಲಿಯೊ ಕೆಲಸದ ಬಗ್ಗೆ. ಭಾನುವಾರ ಬೂತಿನಲ್ಲಿ ಹನಿ ಹಾಕಿ ಎಡಗೈ ಕಿರುಬೆರಳಿಗೆ ಮಸಿ ಹಚ್ಚುವುದು ನಮಗೆಲ್ಲ ಗೊತ್ತಿತ್ತು; ಕ್ಲಬ್ಬಿನ ಹಳದಿ ಟೋಪಿ ಹಾಕಿಕೊಂಡು ನಾವೂ ಬೂತಿನಲ್ಲಿ ಕೂತವರೇ. ಆದರೆ ಕೆಲಸ ನಿಜವಾಗಿ ಶುರುವಾಗುವುದು ಸೋಮವಾರ ಎಂದರು. ಮನೆಮನೆಗೆ ಹೋಗಬೇಕು. ಐದು ವರ್ಷದೊಳಗಿನ ಮಕ್ಕಳೆಲ್ಲರಿಗೂ ಹನಿ ಬಿದ್ದಿದ್ದರೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ 'ಪಿ'. ಬೀಗ ಹಾಕಿದ್ದರೆ, ಮಗು ಅಜ್ಜಿ ಮನೆಗೆ ಹೋಗಿದ್ದರೆ, ಅಪ್ಪ ಬೇಡವೆಂದರೆ 'ಎಕ್ಸ್'. ಎಕ್ಸ್ ಬರೆದ ಮನೆಗೆ ಮತ್ತೆ ಹೋಗಬೇಕು, ಅದು ಪಿ ಆಗುವ ತನಕ. "ದೇಶದಿಂದ ಪೋಲಿಯೊ ಹೋಗಿದ್ದು ಆ ಎಕ್ಸ್‌ನಿಂದ ಸರ್" ಎಂದರು. 2011ರ ಜನವರಿ 13ರಂದು ಹೌರಾದ ಮಗುವೊಂದರಲ್ಲಿ ಕಂಡದ್ದೇ ಭಾರತದ ಕೊನೆಯ ಪ್ರಕರಣ. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯ ಪ್ರಮಾಣಪತ್ರ ಬಂತು. ಇದೆಲ್ಲ ನನ್ನ ಸ್ವಾಗತ ಭಾಷಣದಲ್ಲಿತ್ತು. ರೋಟರಿ 1985ರಲ್ಲಿ ಈ ಕೆಲಸಕ್ಕೆ ಕೈಹಾಕಿದ್ದೂ ಇತ್ತು. ಎಕ್ಸ್ ಇರಲಿಲ್ಲ.

ಆಮೇಲೆ ಅವರು "ಹಂಗೇ ಮೊನ್ನೆ ನಿಮ್ಮ ಕಣ್ಣಿನ ಕ್ಯಾಂಪಲ್ಲಿ..." ಎಂದು ತೆಗೆದರು. ಚೀಟಿ ಹೋಗಿದ್ದು ಆಗ.

ಊಟದ ಹೊತ್ತಾಗಿತ್ತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಹೊತ್ತಾಗಿದ್ದೇನೋ ನಿಜ. ಕಣ್ಣಿನ ಕ್ಯಾಂಪಿನ ಬಗ್ಗೆ ಅವರು ಏನು ಹೇಳಬಹುದೆಂದು ನನಗೆ ಗೊತ್ತಿದ್ದದ್ದೂ ಅಷ್ಟೇ ನಿಜ.

ಸೆಪ್ಟೆಂಬರಿನ ಆ ಕ್ಯಾಂಪಿನಲ್ಲಿ 62 ಜನರಿಗೆ ಪೊರೆ ಬಂದಿದೆ, ಆಪರೇಷನ್ ಆಗಬೇಕು ಎಂದು ವೈದ್ಯರು ಬರೆದುಕೊಟ್ಟರು. ಹತ್ತು ದಿನದ ಮೇಲೆ ಶಿವಮೊಗ್ಗಕ್ಕೆ ಬಸ್ಸು ಮಾಡಿದೆವು. ಬಂದವರು 27. ಬ್ಯಾನರ್ ಹಿಡಿದು ಬಸ್ಸಿನ ಮುಂದೆ ನಿಂತಾಗ, ಖಾಲಿ ಸೀಟು ಕಾಣದ ಹಾಗೆ ಆ ಕಡೆಯಿಂದ ತೆಗಿ ಎಂದು ಫೋಟೋದ ಹುಡುಗನಿಗೆ ನಾನೇ ಹೇಳಿದ್ದೆ. ಅಕ್ಟೋಬರ್ ಬುಲೆಟಿನ್‌ನ ಮೊದಲ ಪುಟಕ್ಕೆ '62 ಮಂದಿಗೆ ಉಚಿತ ಕಣ್ಣಿನ ಶಸ್ತ್ರಚಿಕಿತ್ಸೆ' ಎಂಬ ತಲೆಬರಹ ಕೊಟ್ಟವನೂ ನಾನೇ. 'ಶಸ್ತ್ರಚಿಕಿತ್ಸೆಗೆ 62 ಮಂದಿ ಆಯ್ಕೆ' ಎಂದು ಕಾರ್ಯದರ್ಶಿ ಬರೆದು ಕಳಿಸಿದ್ದರು. ಅದು ಸಪ್ಪೆ ಎನ್ನಿಸಿತು, ತಿದ್ದಿದೆ. ಮೂವತ್ತು ವರ್ಷದಿಂದ ಪ್ರೂಫ್ ನೋಡಿ ಅನ್ನ ತಿನ್ನುವವನು ನಾನು. ಒತ್ತಕ್ಷರ ತಪ್ಪಿದರೆ ನಿದ್ದೆ ಬರುವುದಿಲ್ಲ. ಸರಿಯಿದ್ದ ಸಾಲನ್ನು ನಾನೇ ತಪ್ಪು ಮಾಡಿ ಅಚ್ಚಿಗೆ ಕಳಿಸಿದ್ದು ಅದೊಂದೇ ಸಲ.

ಅದೇ ಬುಲೆಟಿನ್‌ನ ಹಿಂಬದಿಯಲ್ಲಿ ಪ್ರತಿ ತಿಂಗಳೂ ರೋಟರಿಯ ಚತುರ್ವಿಧ ಪರೀಕ್ಷೆ ಅಚ್ಚಾಗುತ್ತದೆ. ನಾವು ಆಡುವ, ಮಾಡುವ ಎಲ್ಲಕ್ಕೂ ಹಾಕಿಕೊಳ್ಳಬೇಕಾದ ನಾಲ್ಕು ಪ್ರಶ್ನೆಗಳು. ಮೊದಲನೆಯದೇ ಇದು ಸತ್ಯವೇ ಎಂದು. ಹರ್ಬರ್ಟ್ ಟೇಲರ್ ಇವನ್ನು 1932ರಲ್ಲಿ ಬರೆದದ್ದು ಕ್ಲಬ್ಬಿಗಾಗಿ ಅಲ್ಲ, ಷಿಕಾಗೊದಲ್ಲಿ ದಿವಾಳಿಯ ಅಂಚಿಗೆ ಬಂದಿದ್ದ ಪಾತ್ರೆ ಕಂಪನಿಯೊಂದನ್ನು ಉಳಿಸಿಕೊಳ್ಳಲು. ಆ ಪ್ರಶ್ನೆಗಳನ್ನು ಎದುರಿಗಿಟ್ಟುಕೊಂಡು ಜಾಹೀರಾತಿನಲ್ಲಿದ್ದ ಉತ್ಪ್ರೇಕ್ಷೆಯ ಮಾತುಗಳನ್ನು ತೆಗೆಸಿದರಂತೆ. ಮುಳುಗುತ್ತಿದ್ದ ವ್ಯಾಪಾರಿ ಜಾಹೀರಾತಿಗೆ ಹಚ್ಚಿದ ಒರೆಗಲ್ಲನ್ನು, ಯಾವ ನಷ್ಟದ ಭಯವೂ ಇಲ್ಲದ ನಾನು ನನ್ನ ತಲೆಬರಹಕ್ಕೆ ಹಚ್ಚಲಿಲ್ಲ.

ಕ್ಲಬ್ಬಿನ ಮೇಲೆ ನನಗೆ ಬೇಸರವಿಲ್ಲ, ಪ್ರೀತಿಯೇ ಇದೆ. ಅಡಿಕೆ ಮಂಡಿಯವರು, ವಕೀಲರು, ಹಲ್ಲಿನ ಡಾಕ್ಟರು, ಪೆಟ್ರೋಲ್ ಬಂಕಿನವರು, ಇವರೆಲ್ಲ ಮೊದಲು ನನಗೆ ಬಿಲ್ಲಿನ ಗಿರಾಕಿಗಳಷ್ಟೇ ಆಗಿದ್ದರು. ನನ್ನ ತಂದೆಗೆ ರಾತ್ರಿ ಒಂದು ಗಂಟೆಗೆ ರಕ್ತ ಬೇಕಾದಾಗ ನಾಲ್ವರು ಕಾರು ಹತ್ತಿ ಬಂದರು. ಜೇನು ಸಾಕುವವರು, ಹಾವು ಹಿಡಿಯುವವರು ನಮ್ಮ ಸಭೆಗೆ ಬಂದು ಆಡಿದ ಮಾತು ಇವತ್ತಿಗೂ ನೆನಪಿದೆ. ಆದರೆ ನನ್ನ ವರ್ಷದ ಅತಿಥಿಗಳ ಪಟ್ಟಿ ನೋಡಿದರೆ ಹೆಚ್ಚಿನವರನ್ನು ಕರೆದದ್ದು ಅವರು ಕೂರುವ ಕುರ್ಚಿ ನೋಡಿ. ಇಪ್ಪತ್ನಾಲ್ಕು ಜನರಲ್ಲಿ ಹೆಂಗಸರು ಇಬ್ಬರು. ಒಬ್ಬರು ಆ ನರ್ಸಮ್ಮ, ಅವರೂ ಬದಲಿಗೆ ಬಂದವರು.

ಡಿಸೆಂಬರಿನಲ್ಲಿ ಜಿಲ್ಲಾ ಪ್ರಶಸ್ತಿಯ ಅರ್ಜಿ ತುಂಬಲು ಕೂತೆ. ಆಪರೇಷನ್ ಆದವರ ಹೆಸರು, ಊರು ಬೇಕಿತ್ತು. ಪಟ್ಟಿಯಲ್ಲಿ ಇಪ್ಪತ್ತೇಳಕ್ಕೆ ನಿಂತ ಬೆರಳು ಮುಂದೆ ಹೋಗಲಿಲ್ಲ. ಹಿಂದಿನ ವರ್ಷದ ಕಡತ ತೆಗೆದೆ. ಅಲ್ಲೂ ಕ್ಯಾಂಪ್, ಅಲ್ಲೂ ಪಟ್ಟಿ. ಎರಡೂ ಪಟ್ಟಿಯಲ್ಲಿ ಒಂದೇ ಹೆಸರು, ಅದೇ ಊರು, ಅದೇ ಬಲಗಣ್ಣು. ಎರಡು ವರ್ಷದ ವರದಿಯಲ್ಲೂ ಆ ಅಜ್ಜಿ ಲೆಕ್ಕಕ್ಕೆ ಬಂದಿದ್ದರು. ಬಸ್ಸನ್ನು ಮಾತ್ರ ಒಮ್ಮೆಯೂ ಹತ್ತಿರಲಿಲ್ಲ.

ಮಾರನೆಯ ದಿನ ಉಪಕೇಂದ್ರಕ್ಕೆ ಹೋದೆ. "ಸಿಸ್ಟರ್, ಆವತ್ತು ನೀವು ಕಣ್ಣಿನ ಕ್ಯಾಂಪಿನ ವಿಷಯ ಏನೋ ಹೇಳೋಕೆ ಹೊರಟಿದ್ರಿ" ಎಂದೆ. ಕೋಪವಿರಲಿಲ್ಲ ಅವರಿಗೆ. ರಿಜಿಸ್ಟರ್ ಮುಚ್ಚಿಟ್ಟು ಹೇಳಿದರು: "ಬರದೇ ಇದ್ದೋರ ಮನೆಗೆ ಯಾರಾದ್ರೂ ಹೋಗಿದೀರಾ ಅಂತ ಕೇಳೋಣ ಅಂತಿದ್ದೆ ಸರ್. ಅಷ್ಟೇ."

ಇಬ್ಬರೂ ನನ್ನ ಸ್ಕೂಟರಿನಲ್ಲೇ ಹೋದೆವು. ಅಡಿಕೆ ಕೊಯ್ಲಿನ ಕಾಲ, ದಾರಿಯುದ್ದಕ್ಕೂ ಬೇಯಿಸಿದ ಅಡಿಕೆಯ ಒಗರು ವಾಸನೆ. ಅಜ್ಜಿ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. ಮೆಟ್ಟುಗತ್ತಿಯ ಮುಂದೆ ಕೈ ತಾನಾಗಿ ಆಡುತ್ತಿತ್ತು. ಕಣ್ಣು ಎತ್ತಲೋ ಇತ್ತು. ನಾನು ನಮಸ್ಕಾರ ಅಂದ ಕೂಡಲೇ ಕೈ ನಿಲ್ಲಿಸಿದರು.

"ಮೈಕಲ್ಲಿ ಮಾತಾಡಿದೋರಲ್ಲನ ಮಾರಾಯ್ರೆ? ದನಿ ಗುರ್ತ ಆತು. ಈ ಸಲವೂ ಹೆಸರು ಬರ್ಕೊಳಕ್ಕೆ ಬಂದ್ರಾ?"

ನನಗೆ ಮಾತು ಹೊರಡಲಿಲ್ಲ. ನರ್ಸಮ್ಮ ಅವರ ಪಕ್ಕದಲ್ಲಿ ಕೂತು, ತಾವೂ ಒಂದು ಅಡಿಕೆ ಕೈಗೆತ್ತಿಕೊಂಡು, ಯಾಕಮ್ಮ ಬರಲಿಲ್ಲ ಎಂದು ಕೇಳಿದರು. ಹೆದರಿಕೆ ಏನಿಲ್ಲ ಎಂದರು ಅಜ್ಜಿ. ಆಪರೇಷನ್ ಆದ ಮೇಲೆ ಒಲೆ ಮುಂದೆ ಕೂರಬಾರದು, ಹೊಗೆ ತಾಗಬಾರದು ಅಂದರಂತೆ. ಮನೆಯಲ್ಲಿರುವುದು ಅವರು ಮತ್ತು ಹಾಸಿಗೆ ಹಿಡಿದ ಗಂಡ. "ಒಲೆ ಯಾರು ಹಚ್ತಾರೆ?" ಎಂದರು. ಎರಡು ವರ್ಷ ಲೆನ್ಸು, ಕನ್ನಡಕ, ಬಸ್ಸು, ಊಟ ಎಲ್ಲ ಹೊಂದಿಸಿದ್ದ ನಮ್ಮಲ್ಲಿ ಒಬ್ಬರಿಗೂ ಈ ಪ್ರಶ್ನೆ ಹೊಳೆದಿರಲಿಲ್ಲ. ನರ್ಸಮ್ಮನಿಗೆ ಇದು ಹೊಸದಲ್ಲ. ಪಕ್ಕದ ಮನೆಯ ಸೊಸೆಯನ್ನು ಅಲ್ಲೇ ಕರೆದು ಮಾತಾಡಿದರು. ಅಜ್ಜಿಯ ತಂಗಿಯ ಮಗಳಿಗೂ ಹೇಳಿ ಕಳಿಸಿದರು. ಫೆಬ್ರವರಿಯಲ್ಲಿ ಬಲಗಣ್ಣಿನ ಪೊರೆ ತೆಗೆದರು. ಆ ದಿನ ಬಸ್ಸಿನ ಮುಂದೆ ಬ್ಯಾನರ್ ಹಿಡಿಯಲಿಲ್ಲ.

ಪ್ರಶಸ್ತಿಯ ಅರ್ಜಿ ಕಳಿಸಲಿಲ್ಲ. ಮಾರ್ಚ್ ಬುಲೆಟಿನ್‌ನ ಮೊದಲ ಪುಟದಲ್ಲಿ ತಲೆಬರಹದಷ್ಟೇ ದಪ್ಪ ಅಕ್ಷರದಲ್ಲಿ ತಿದ್ದುಪಡಿ ಹಾಕಿದೆ. ಕೆಲವು ಸದಸ್ಯರಿಗೆ ನೋವಾಯಿತು, ಒಬ್ಬರು ಎರಡು ತಿಂಗಳು ಸಭೆಗೆ ಬರಲಿಲ್ಲ. ಬಸ್ಸು ಹತ್ತದ ಆ ಮೂವತ್ತೈದು ಜನರಲ್ಲಿ ಒಂಬತ್ತು ಮಂದಿ ಕೊನೆಗೆ ಬಂದು ಮಾಡಿಸಿಕೊಂಡರು. ಹನ್ನೆರಡು ಮಂದಿ ಮಕ್ಕಳಿರುವ ಊರಿಗೆ ಹೋಗಿದ್ದರು, ಇಲ್ಲವೇ ತಾವೇ ದುಡ್ಡು ಕೊಟ್ಟು ಮಾಡಿಸಿಕೊಂಡಿದ್ದರು, ಇಬ್ಬರು ತೀರಿಕೊಂಡಿದ್ದರು. ಪಟ್ಟಿ ಈಗಲೂ ಪ್ರೆಸ್ಸಿನ ಮೇಜಿನ ಗಾಜಿನ ಕೆಳಗಿದೆ. ಹನ್ನೆರಡು ಹೆಸರಿನ ಮುಂದೆ ಪೆನ್ಸಿಲ್ಲಿನಲ್ಲಿ ಹಾಕಿದ ಎಕ್ಸ್ ಹಾಗೇ ಉಳಿದಿದೆ.